ಬೆನ್ನ ಹಿಂದೆ ಬರುವ ಮನೆಯ ಟೈರಿಗೆ ಗಾಳಿ ನೋಡುವವರಾರು?

ಬೇಸಿಗೆಯ ರಜಾದಿನಗಳಲ್ಲಿ ಅಮೆರಿಕದ ಹೆದ್ದಾರಿಗಳಲ್ಲಿ ಸಂಚರಿಸಿದವರೆಲ್ಲ ಒಂದು ದೃಶ್ಯವನ್ನು ಕಂಡೇ ಇರುತ್ತಾರೆ. ಮುಂದೆ ದೊಡ್ಡದೊಂದು ಪಿಕಪ್ ಟ್ರಕ್ಕು; ಅದರ ಬೆನ್ನಿಗೆ ಕೊಂಡಿ ಹಾಕಿಕೊಂಡು ಹಿಂಬಾಲಿಸುವ ಇಪ್ಪತ್ತೈದು ಮೂವತ್ತು ಅಡಿ ಉದ್ದದ ಗಾಲಿಯ ಮನೆ. ಹಾಸಿಗೆ, ಅಡುಗೆ ಒಲೆ, ಫ್ರಿಜ್ಜು, ಸ್ನಾನದ ಕೋಣೆ ಎಲ್ಲವೂ ಅದರೊಳಗೆ. ಅದೇ ಹೆದ್ದಾರಿಯಲ್ಲಿ ಇನ್ನಷ್ಟು ದೂರ ಹೋದರೆ ಎರಡನೆಯ ದೃಶ್ಯವೂ ಎದುರಾಗುವುದುಂಟು. ಅಂಥದೇ ಮನೆ ರಸ್ತೆಯ ಅಂಚಿನಲ್ಲಿ ಒಂದು ಬದಿಗೆ ವಾಲಿ ನಿಂತಿರುತ್ತದೆ. ಟೈರು ಚಿಂದಿಯಾಗಿದೆ, ಗಾಲಿಯ ಮೇಲಿನ ತಗಡು ಕಿತ್ತುಬಂದಿದೆ, ಮಕ್ಕಳನ್ನು ಕಟ್ಟಿಕೊಂಡು ಕುಟುಂಬವೊಂದು ಬಿಸಿಲಿನಲ್ಲಿ ನಿಂತು ನೆರವಿಗಾಗಿ ಕಾಯುತ್ತಿದೆ. ಏನಾಯಿತೆಂದು ಚಾಲಕನನ್ನು ಕೇಳಿದರೆ ಆತ ಹೇಳಬಹುದಾದ ಉತ್ತರವನ್ನು ಊಹಿಸುವುದು ಕಷ್ಟವಲ್ಲ: "ಗೊತ್ತೇ ಆಗಲಿಲ್ಲ."

ಈ 'ಗೊತ್ತೇ ಆಗಲಿಲ್ಲ' ಎಂಬುದು ಚಾಲಕನ ಅಜಾಗರೂಕತೆಗೆ ನೆಪವಲ್ಲ, ಬಹುಮಟ್ಟಿಗೆ ನಿಜವೇ. ಎಳೆದೊಯ್ಯುವ ಗಾಡಿಯ ಟೈರು ತನ್ನ ಸಂಕಟವನ್ನು ಚಾಲಕನಿಗೆ ಹೇಳಿಕೊಳ್ಳುವ ದಾರಿಯೇ ಇಲ್ಲ. ಆ ದಾರಿಯನ್ನು ಕಲ್ಪಿಸಿಕೊಡುವ ಸಾಧನವೇ ಟೈರಿನ ಒತ್ತಡದ ನಿಗಾ ವ್ಯವಸ್ಥೆ, ಅಂದರೆ ಟಿಪಿಎಂಎಸ್. ಕಾರುಗಳಲ್ಲಿ ಇಂದು ಸಾಮಾನ್ಯವಾಗಿರುವ ಈ ಸಾಧನ, ಅತ್ಯಂತ ಅಗತ್ಯವಾಗಿರುವ ಈ ಗಾಲಿಯ ಮನೆಗಳಲ್ಲಿ ಮಾತ್ರ ಇಂದಿಗೂ ಮಾಲೀಕನ ಇಚ್ಛೆಗೆ ಬಿಟ್ಟ ವಸ್ತುವಾಗಿದೆ.

ಗಾಲಿಯ ಮನೆಗಳ ಲೋಕ

ಆರ್‌ವಿ ಎಂಬ ಹೆಸರಿನಡಿ ಎರಡು ಬಗೆಯ ವಾಹನಗಳಿವೆ. ಎಂಜಿನ್ನು, ಸ್ಟಿಯರಿಂಗ್ ಎಲ್ಲವೂ ತನ್ನಲ್ಲೇ ಇದ್ದು ಬಸ್ಸಿನಂತೆ ಓಡುವುದು ಮೋಟಾರ್ ಹೋಮ್. ಎಂಜಿನ್ನಿಲ್ಲದೆ ಮತ್ತೊಂದು ವಾಹನದ ಹಿಂದೆ ಸಾಗುವುದು ಟ್ರಾವೆಲ್ ಟ್ರೈಲರ್. ಅಮೆರಿಕದಲ್ಲಿ 1 ಕೋಟಿ 12 ಲಕ್ಷ ಕುಟುಂಬಗಳು ಆರ್‌ವಿ ಹೊಂದಿವೆ ಎಂದು ಅಲ್ಲಿನ ಆರ್‌ವಿ ಉದ್ಯಮ 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತ್ತು. ಸ್ವಂತದ್ದಿಲ್ಲದವರಿಗೆ ಬಾಡಿಗೆಗೂ ದೊರೆಯುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಕಡೆಗೆ ಹೊರಡುವಾಗ ಇಂಥ ವಾಹನವನ್ನು ಆರಿಸಿಕೊಳ್ಳುವುದುಂಟು. ಹೋದಲ್ಲೆಲ್ಲ ಅನ್ನ ಸಾರು ಮಾಡಿಕೊಳ್ಳಬಹುದು, ವಯಸ್ಸಾದವರು ಬೇಕೆಂದಾಗ ಮಲಗಬಹುದು. ಆದ್ದರಿಂದ ಈ ವಿಷಯ ನಮ್ಮ ಓದುಗರಿಗೆ ತೀರ ಪರಕೀಯವೇನಲ್ಲ.

ಭಾರ ಹೊರುವುದು ರಬ್ಬರಲ್ಲ, ಗಾಳಿ

ವಾಹನದ ಭಾರವನ್ನು ಟೈರು ಹೊರುತ್ತದೆ ಎಂದು ನಾವು ಹೇಳುತ್ತೇವೆ. ವಾಸ್ತವದಲ್ಲಿ ಭಾರದ ಬಹುಪಾಲನ್ನು ಹೊರುವುದು ಟೈರಿನೊಳಗೆ ಅದುಮಿಟ್ಟ ಗಾಳಿ. ರಬ್ಬರು, ನೂಲು, ಉಕ್ಕಿನ ತಂತಿಗಳೆಲ್ಲ ಆ ಗಾಳಿಯನ್ನು ಹಿಡಿದಿಡುವ ಪಾತ್ರೆಯಷ್ಟೇ.

ಟ್ರೈಲರುಗಳಿಗೆಂದೇ ತಯಾರಾಗುವ, 'ಎಸ್‌ಟಿ' ಎಂಬ ಗುರುತಿನ ಟೈರುಗಳಲ್ಲಿ 225/75 ಆರ್ 15 ಎಂಬ ಅಳತೆ ಬಹಳ ಬಳಕೆಯಲ್ಲಿದೆ. ಈ ಅಳತೆಯ ಟೈರು 80 ಪಿಎಸ್‌ಐ ಒತ್ತಡದಲ್ಲಿ 2,830 ಪೌಂಡ್, ಅಂದರೆ ಸುಮಾರು 1,284 ಕಿಲೋ ಭಾರ ಹೊರಬಲ್ಲದು. ಅದೇ ಅಳತೆ 50 ಪಿಎಸ್‌ಐ ಒತ್ತಡದಲ್ಲಿ ಹೊರಬಲ್ಲದ್ದು 2,150 ಪೌಂಡ್, ಅಂದರೆ ಸುಮಾರು 975 ಕಿಲೋ ಮಾತ್ರ. ನಾಲ್ಕು ಟೈರುಗಳ ಮೇಲೆ ನಾಲ್ಕು ಟನ್ ಭಾರ ಕೂತಿರುವ ಟ್ರೈಲರನ್ನು ಕಲ್ಪಿಸಿಕೊಳ್ಳಿ. ಟೈರೊಂದಕ್ಕೆ 1,000 ಕಿಲೋ ಬಂತು. 80ರಲ್ಲಿ ಆ ಟೈರು ನಿಶ್ಚಿಂತೆಯಿಂದಿದೆ. 50ಕ್ಕೆ ಇಳಿದರೆ ತನ್ನ ಶಕ್ತಿಗೆ ಮೀರಿದ ಹೊರೆ ಹೊತ್ತು ಓಡುತ್ತಿದೆ. ಹೊರಗಿನಿಂದ ನೋಡುವವರಿಗೆ ಎರಡೂ ಟೈರುಗಳು ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ ಎಂಬುದೇ ಇಲ್ಲಿನ ಅಪಾಯ. ನಮ್ಮ ಪೆಟ್ರೋಲ್ ಬಂಕುಗಳಲ್ಲಿ ಕಾರಿನ ಟೈರಿಗೆ 32, 33 ಎಂದು ಹೇಳಿ ಗಾಳಿ ತುಂಬಿಸುವ ನಮಗೆ 50 ಎಂಬುದು ದೊಡ್ಡ ಸಂಖ್ಯೆಯಾಗಿಯೇ ತೋರುತ್ತದೆ. ಆದರೆ ಎಷ್ಟು ಗಾಳಿ ಬೇಕೆಂಬುದನ್ನು ನಿರ್ಧರಿಸುವುದು ಹೊರುವ ಭಾರ.

ಗಾಳಿ ಕಡಿಮೆಯಾದ ಟೈರು ಉರುಳುವಾಗ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ತಂತಿಯ ತುಂಡೊಂದನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ಬಿಸಿಯಾಗಿ ಕೊನೆಗೆ ಮುರಿಯುವುದನ್ನು ನಾವೆಲ್ಲ ಚಿಕ್ಕಂದಿನಲ್ಲಿ ನೋಡಿದ್ದೇವೆ. ಟೈರಿಗೂ ಆಗುವುದು ಅದೇ. ಬಾಗುವಿಕೆಯಿಂದ ಶಾಖ, ಶಾಖದಿಂದ ರಬ್ಬರಿನ ಬಲಹೀನತೆ, ಬಲಹೀನತೆಯಿಂದ ಮತ್ತಷ್ಟು ಬಾಗುವಿಕೆ. ಈ ಸರಪಳಿಯ ಕೊನೆಯ ಕೊಂಡಿಯೇ ನಮ್ಮ ಕಿವಿಗೆ 'ಢಂ' ಎಂದು ಕೇಳುವ ಸ್ಫೋಟ. ಕ್ಷಣಮಾತ್ರದಲ್ಲಿ ಆದಂತೆ ತೋರುವ ಅನೇಕ ಸ್ಫೋಟಗಳು ಹಲವಾರು ಮೈಲಿಗಳ ಹಿಂದೆಯೇ, ಸದ್ದಿಲ್ಲದೆ ಆರಂಭವಾಗಿರುತ್ತವೆ. ನಿಗಾ ವ್ಯವಸ್ಥೆಯ ಪ್ರಯೋಜನವಿರುವುದು ಈ ನಡುವಿನ ಅವಧಿಯಲ್ಲಿ.

ಟ್ರೈಲರ್ ಏಕೆ ಮೂಕ?

ಕಾರಿನ ಮುಂದಿನ ಟೈರಿನ ಗಾಳಿ ಇಳಿದರೆ ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತದೆ. ಹಿಂದಿನದು ಇಳಿದರೆ ಗಾಡಿಯ ಹಿಂಭಾಗ ಓಲಾಡುತ್ತದೆ, ಕೂತ ಆಸನಕ್ಕೆ ಅದರ ಅನುಭವವಾಗುತ್ತದೆ. ಟ್ರೈಲರಿನಲ್ಲಾದರೋ ಚಾಲಕನಿಗೂ ಆ ಟೈರಿಗೂ ನಡುವೆ ಇರುವ ಸಂಬಂಧ ಒಂದು ಕೊಂಡಿ ಮಾತ್ರ. ಜೊತೆಗೆ ಬಹುಪಾಲು ದೊಡ್ಡ ಟ್ರೈಲರುಗಳಲ್ಲಿ ಒಂದರ ಹಿಂದೆ ಒಂದರಂತೆ ಎರಡು ಅಚ್ಚುಗಳು, ಬದಿಗೆರಡರಂತೆ ನಾಲ್ಕು ಗಾಲಿಗಳಿರುತ್ತವೆ. ಒಂದು ಟೈರು ಸೋತಾಗ ಪಕ್ಕದ ಜೊತೆಗಾರ ಅದರ ಹೊರೆಯನ್ನೂ ತಾನೇ ಹೊತ್ತುಕೊಂಡು ಮನೆಯನ್ನು ವಾಲದಂತೆ ನಿಲ್ಲಿಸುತ್ತದೆ. ಈ ಉಪಕಾರವೇ ಅಪಕಾರವಾಗಿ ಪರಿಣಮಿಸುತ್ತದೆ. ಚಾಲಕನಿಗೆ ಏನೂ ತಿಳಿಯುವುದಿಲ್ಲ. ಇತ್ತ ಇಮ್ಮಡಿ ಭಾರ ಹೊತ್ತ ಎರಡನೆಯ ಟೈರೂ ಒಳಗೊಳಗೇ ಘಾಸಿಗೊಳ್ಳುತ್ತದೆ. ಮೊದಲ ಟೈರು ಒಡೆದು, ಅದನ್ನು ಬದಲಿಸಿ ಹೊರಟ ಮೇಲೆ ಅದೇ ಬದಿಯ ಎರಡನೆಯದೂ ಒಡೆದರೆ ಅದನ್ನು ಗ್ರಹಚಾರ ಎನ್ನಲಾಗದು.

ಒಡೆದ ಟೈರು ಸುಮ್ಮನೆ ಬಿದ್ದಿರುವುದಿಲ್ಲ. ಉಕ್ಕಿನ ತಂತಿ ತುಂಬಿದ ಪಟ್ಟಿಗಳು ಚಾಟಿಯಂತೆ ಬೀಸಿ ಗಾಲಿಯ ಮೇಲಿನ ತಗಡನ್ನು, ನೆಲಹಾಸಿನ ತಳವನ್ನು, ಅಲ್ಲಿ ಹಾದುಹೋಗುವ ವಿದ್ಯುತ್ ತಂತಿಗಳನ್ನು ಹರಿದು ಹಾಕಬಲ್ಲವು. ಅಡುಗೆ ಅನಿಲದ ಕೊಳವೆಯೂ ಅಂಥ ಜಾಗದಲ್ಲೇ ಹಾದುಹೋಗಿದ್ದರೆ ಅಪಾಯ ಇನ್ನೂ ಗಂಭೀರ. ಕಳಚಿ ಬಿದ್ದ ಪಟ್ಟಿ ಹಿಂದೆ ಬರುವ ದ್ವಿಚಕ್ರ ವಾಹನ ಸವಾರನ ಪಾಲಿಗೆ ಪ್ರಾಣಾಂತಿಕವಾಗಬಹುದು. ಆದ್ದರಿಂದ ಇದು ಒಂದು ಕುಟುಂಬದ ರಜೆಯ ಪ್ರಶ್ನೆ ಮಾತ್ರವಲ್ಲ.

ಕಾನೂನಿನ ಕಣ್ಣು ತಲುಪದ ಜಾಗ

ಕಾರುಗಳಿಗೆ ಈ ಸಾಧನ ಬಂದದ್ದು ಸಾವುಗಳ ಬೆನ್ನಿಗೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಬಳಕೆಯಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿದ್ದವು. ಓಟದಲ್ಲಿರುವಾಗಲೇ ಟೈರಿನ ಮೇಲ್ಪದರ ಕಳಚಿ ವಾಹನಗಳು ಮಗುಚಿದ ಈ ಪ್ರಕರಣದಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 271 ಸಾವುಗಳನ್ನು ದಾಖಲಿಸಿತು. ಆ ವಾಹನಕ್ಕೆ ಫೋರ್ಡ್ ಸೂಚಿಸಿದ್ದ ಒತ್ತಡ 26 ಪಿಎಸ್‌ಐ. ಟೈರು ತಯಾರಕರು ಹೇಳಿದ್ದು 30. ದೋಷ ಯಾರದೆಂಬ ಬಗ್ಗೆ ಎರಡು ಕಂಪನಿಗಳ ನಡುವೆ ದೀರ್ಘ ಜಗಳವೇ ನಡೆಯಿತು. ಅದೇ ವರ್ಷದ ನವೆಂಬರ್ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ 'ಟ್ರೆಡ್' ಕಾಯ್ದೆ, ಟೈರಿನ ಗಾಳಿ ಅಪಾಯಕರವಾಗಿ ಇಳಿದಾಗ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆ ಹೊಸ ವಾಹನಗಳಲ್ಲಿ ಇರಬೇಕೆಂದು ವಿಧಿಸಿತು.

ನಿಯಮ ರೂಪುಗೊಂಡದ್ದೂ ಸಲೀಸಾಗಿಯಲ್ಲ. 2002ರಲ್ಲಿ ಹೊರಟ ಮೊದಲ ನಿಯಮ, ಒಂದು ಟೈರಿನ ಗಾಳಿ ಇಳಿದುದನ್ನು ಮಾತ್ರ ಗುರುತಿಸಬಲ್ಲ ಅಗ್ಗದ ವ್ಯವಸ್ಥೆಗೂ ಅವಕಾಶ ಕೊಟ್ಟಿತ್ತು. ಗ್ರಾಹಕ ಹಿತರಕ್ಷಣಾ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅವಕಾಶವನ್ನು ತಳ್ಳಿಹಾಕಿತು. 2005ರಲ್ಲಿ ಹೊರಬಂದ ಅಂತಿಮ ನಿಯಮದಂತೆ, ಒಂದಾಗಲಿ ನಾಲ್ಕೂ ಆಗಲಿ, ಟೈರಿನ ಒತ್ತಡ ನಿಗದಿತ ಮಟ್ಟಕ್ಕಿಂತ ಶೇ. 25ರಷ್ಟು ಇಳಿದರೆ ದೀಪ ಬೆಳಗಲೇಬೇಕು. 2007ರ ಸೆಪ್ಟೆಂಬರ್ 1ರಿಂದ ಈ ನಿಯಮ ಪೂರ್ಣವಾಗಿ ಜಾರಿಗೆ ಬಂತು.

ಆದರೆ ಅದಕ್ಕೊಂದು ಗಡಿಯಿದೆ. 10,000 ಪೌಂಡ್, ಅಂದರೆ ಸುಮಾರು 4,536 ಕಿಲೋ ಒಟ್ಟು ತೂಕದೊಳಗಿನ ಕಾರು, ವ್ಯಾನು, ಲಘು ಟ್ರಕ್ಕುಗಳಿಗೆ ಮಾತ್ರ ಅದು ಅನ್ವಯ. ಒಂದೇ ಅಚ್ಚಿನ ಎರಡೂ ಬದಿಗೆ ಜೋಡಿ ಗಾಲಿಗಳಿರುವ ವಾಹನಗಳಿಗೆ ವಿನಾಯಿತಿ. ಬಸ್ಸಿನ ಗಾತ್ರದ ಮೋಟಾರ್ ಹೋಮ್ ತೂಕದಿಂದಾಗಿ ಹೊರಗುಳಿಯಿತು. ಬಾಡಿಗೆಗೆ ಹೆಚ್ಚಾಗಿ ಸಿಗುವ ಮಧ್ಯಮ ಗಾತ್ರದ್ದು ಬಹುತೇಕ ಜೋಡಿ ಗಾಲಿಗಳಿಂದಾಗಿ ಹೊರಗುಳಿಯಿತು. ಎಂಜಿನ್ನೇ ಇಲ್ಲದ ಟ್ರೈಲರಂತೂ ನಿಯಮದ ವ್ಯಾಪ್ತಿಗೇ ಬರಲಿಲ್ಲ. ಎಳೆಯುವ ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿ ಟೈರುಗಳು ಸುಸ್ಥಿತಿಯಲ್ಲಿವೆ ಎಂದು ತೋರುತ್ತಿರುವಾಗಲೇ ಹಿಂದಿನ ಮನೆಯ ಟೈರು ಸುಟ್ಟು ಬೂದಿಯಾಗುತ್ತಿರಬಹುದು. ಯುರೋಪಿನಲ್ಲಿಯೂ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಆ ಬಳಿಕ ಲಾರಿಗಳಿಗೂ ಮೂರೂವರೆ ಟನ್ನಿಗಿಂತ ಭಾರದ ಟ್ರೈಲರುಗಳಿಗೂ ವಿಸ್ತರಿಸಿತು. ಕಾರಿನ ಹಿಂದೆ ಹೋಗುವ ಹಗುರ ಕ್ಯಾರವಾನ್ ಅಲ್ಲಿಯೂ ಹೊರಗೇ ಉಳಿಯಿತು.

ಸಾಧನ ಕೆಲಸ ಮಾಡುವ ಬಗೆ

ನಿಗಾ ವ್ಯವಸ್ಥೆಯಲ್ಲಿ ಎರಡು ವಿಧ. ಪರೋಕ್ಷ ವಿಧಾನದಲ್ಲಿ ಒತ್ತಡವನ್ನು ಅಳೆಯುವುದೇ ಇಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ತುಸು ಕುಗ್ಗುವುದರಿಂದ ಆ ಗಾಲಿ ಉಳಿದವುಗಳಿಗಿಂತ ಕೊಂಚ ಬೇಗ ತಿರುಗುತ್ತದೆ. ಎಬಿಎಸ್ ಬ್ರೇಕಿಗಾಗಿ ಗಾಲಿಯಲ್ಲಿ ಮೊದಲೇ ಇರುವ ವೇಗ ಸಂವೇದಕಗಳು ಈ ವ್ಯತ್ಯಾಸವನ್ನು ಹಿಡಿಯುತ್ತವೆ. ಟ್ರಾವೆಲ್ ಟ್ರೈಲರುಗಳಲ್ಲಿ ಸಾಮಾನ್ಯವಾಗಿ ಇಂಥ ಸಂವೇದಕಗಳಿಲ್ಲವಾದ್ದರಿಂದ ಈ ಮಾರ್ಗ ಅಲ್ಲಿಗೆ ಹೊಂದದು.

ಉಳಿದದ್ದು ನೇರ ವಿಧಾನ. ಪ್ರತಿ ಗಾಲಿಗೂ ಒಂದು ಪುಟ್ಟ ಸಂವೇದಕ. ಅದರೊಳಗೆ ಒತ್ತಡ ಮತ್ತು ಶಾಖ ಅಳೆಯುವ ಚಿಪ್ಪು, ಗುಂಡಿಯಾಕಾರದ ಬ್ಯಾಟರಿ, ರೇಡಿಯೋ ಪ್ರೇಷಕ. ಚಾಲಕನ ಮುಂದೆ ಒಂದು ಪರದೆ. ಅಂಗಡಿಯಲ್ಲಿ ಕೊಂಡು ತಾವೇ ಕೂರಿಸಿಕೊಳ್ಳುವ ಸಾಧನಗಳಲ್ಲಿ ಸಂವೇದಕ ವಾಲ್ವಿನ ಮೂತಿಗೆ ಮುಚ್ಚಳದಂತೆ ತಿರುಗಿಸಿ ಕೂರುತ್ತದೆ. ಟೈರು ಬಿಚ್ಚಿಸಿ ರಿಮ್ಮಿನೊಳಗೆ ಕೂರಿಸುವ ಬಗೆಯೂ ಇದೆ. ಅದು ಕಳುವಾಗುವುದಿಲ್ಲ, ಕಳಚಿ ಬೀಳುವುದಿಲ್ಲ. ಬ್ಯಾಟರಿ ಮುಗಿದಾಗ ಮಾತ್ರ ಮತ್ತೆ ಟೈರು ಬಿಚ್ಚಬೇಕು. 2010ರ ದಶಕದ ಕೊನೆಯಿಂದ ಅಮೆರಿಕದ ಕೆಲವು ಪಿಕಪ್ ತಯಾರಕರು ಟ್ರೈಲರಿನ ಟೈರುಗಳ ಒತ್ತಡವನ್ನೂ ಪಿಕಪ್ಪಿನ ಪರದೆಯಲ್ಲೇ ತೋರಿಸುವ ಸೌಲಭ್ಯ ಕೊಡತೊಡಗಿದ್ದಾರೆ.

ಮುಚ್ಚಳದಂಥ ಸಂವೇದಕ ಕೊಳ್ಳುವವರು ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು ವಾಲ್ವು. ಸಾಧಾರಣ ರಬ್ಬರಿನ ವಾಲ್ವು 65 ಪಿಎಸ್‌ಐ ಒತ್ತಡಕ್ಕೆ ಮಾತ್ರ ತಕ್ಕದ್ದು. ಅದರ ತುದಿಗೆ ಸಂವೇದಕದ ಭಾರ ಬಿದ್ದರೆ ಗಾಲಿ ತಿರುಗುವ ರಭಸಕ್ಕೆ ವಾಲ್ವು ಬಾಗುತ್ತ ಬಾಗುತ್ತ ಬುಡದಲ್ಲಿ ಬಿರುಕು ಬಿಡಬಹುದು. ಗಾಳಿ ಸೋರದಂತೆ ಕಾಯಲು ತಂದ ಸಾಧನವೇ ಸೋರಿಕೆಗೆ ಕಾರಣವಾದರೆ ಹೇಗೆ? ಲೋಹದ ವಾಲ್ವು ಹಾಕಿಸಿಕೊಳ್ಳುವುದು ಇದಕ್ಕೆ ಪರಿಹಾರ. ಎರಡನೆಯದು ದೂರ. ಟ್ರೈಲರಿನ ಗಾಲಿಯಿಂದ ಚಾಲಕನವರೆಗೆ ಲೋಹದ ಗೋಡೆಗಳನ್ನು ದಾಟಿ ಬರಬೇಕಾದ ಸಂಕೇತ ದಾರಿಯಲ್ಲೇ ಕ್ಷೀಣಿಸಬಹುದು. ಸಂಕೇತವನ್ನು ನಡುವೆ ಹಿಡಿದು ಮುಂದಕ್ಕೆ ಕಳಿಸುವ ಮರುಪ್ರಸಾರಕವನ್ನು ಉದ್ದನೆಯ ಟ್ರೈಲರುಗಳಲ್ಲಿ ಅಳವಡಿಸುವುದು ಇದಕ್ಕಾಗಿಯೇ.

ತಣ್ಣಗಿರುವಾಗಲೇ ಅಳೆಯಬೇಕು

ಸಾಧನ ಕೂರಿಸಿದ ಮೊದಲ ದಿನವೇ ಅನೇಕರು ಗಾಬರಿಯಾಗುತ್ತಾರೆ. ಬೆಳಗ್ಗೆ 80 ಇದ್ದದ್ದು ಮಧ್ಯಾಹ್ನ 90 ತೋರಿಸುತ್ತದೆ. ಟೈರು ಒಡೆದೀತೆಂದು ಹೆದರಿ ಗಾಳಿ ಬಿಡಲು ಹೊರಡುತ್ತಾರೆ. ಇದು ದೊಡ್ಡ ತಪ್ಪು.

ಮುಚ್ಚಿದ ಪಾತ್ರೆಯಲ್ಲಿರುವ ಅನಿಲ ಬಿಸಿಯಾದಂತೆ ಅದರ ಒತ್ತಡ ಏರುತ್ತದೆಂಬುದು ಹೈಸ್ಕೂಲಿನ ಭೌತವಿಜ್ಞಾನ. 80 ಪಿಎಸ್‌ಐ ಟೈರಿನೊಳಗಿನ ಗಾಳಿ ಓಟದಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಒತ್ತಡ ಸುಮಾರು 90ಕ್ಕೆ ಹೋಗುವುದು ಸಹಜ. ಟೈರು ತಯಾರಕರು ಈ ಏರಿಕೆಯನ್ನು ಲೆಕ್ಕದಲ್ಲಿಟ್ಟೇ ಟೈರನ್ನು ರೂಪಿಸಿರುತ್ತಾರೆ. ಟೈರಿನ ಮೇಲೆ, ವಾಹನದ ಫಲಕದ ಮೇಲೆ ಬರೆದಿರುವ ಸಂಖ್ಯೆ ತಣ್ಣನೆಯ ಒತ್ತಡ. ಅಂದರೆ ವಾಹನ ಕನಿಷ್ಠ ಮೂರು ಗಂಟೆ ನಿಂತಿದ್ದು, ಬಿಸಿಲೂ ಬೀಳದ ಟೈರಿನದು. ಬಿಸಿಯಾದ ಟೈರಿನಿಂದ ಗಾಳಿ ಬಿಟ್ಟು 90ನ್ನು 80ಕ್ಕೆ ಇಳಿಸಿದರೆ, ಟೈರು ತಣ್ಣಗಾದಾಗ ಅಲ್ಲಿ ಉಳಿಯುವುದು ಸುಮಾರು 71. ನಾಳಿನ ಪ್ರಯಾಣ ಕಡಿಮೆ ಗಾಳಿಯಿಂದಲೇ ಆರಂಭವಾಗುತ್ತದೆ.

ಪ್ರಯಾಣದಲ್ಲಿ ಊರು ಬದಲಾದಂತೆ ಹವೆಯೂ ಬದಲಾಗುತ್ತದೆ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಿಂದ ಫ್ಲ್ಯಾಗ್‌ಸ್ಟಾಫ್‌ಗೆ ಸುಮಾರು 230 ಕಿಲೋಮೀಟರ್. ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋಗುವವರ ಸಾಮಾನ್ಯ ದಾರಿ ಅದು. ಮರುಭೂಮಿಯಲ್ಲಿರುವ ಫೀನಿಕ್ಸ್ ಸಮುದ್ರಮಟ್ಟದಿಂದ 330 ಮೀಟರ್ ಎತ್ತರದಲ್ಲಿದ್ದರೆ ಫ್ಲ್ಯಾಗ್‌ಸ್ಟಾಫ್ 2,100 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ದಿನವೊಂದರಲ್ಲಿ ಫೀನಿಕ್ಸಿನ 25 ಡಿಗ್ರಿಯಲ್ಲಿ 80ಕ್ಕೆ ಗಾಳಿ ತುಂಬಿಸಿ ಹೊರಟವರು ಮರುದಿನ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸೊನ್ನೆ ಡಿಗ್ರಿಯ ಬೆಳಗಿಗೆ ಎದ್ದರೆ ಮಾಪಕ ತೋರುವುದು ಸುಮಾರು 75. ಚಳಿ ಒತ್ತಡವನ್ನು ಇಳಿಸುತ್ತದೆ. ಎತ್ತರದಲ್ಲಿ ಹೊರಗಿನ ವಾಯುಭಾರ ಕಡಿಮೆಯಿರುವುದರಿಂದ ಮಾಪಕ ತುಸು ಹೆಚ್ಚು ತೋರಿಸಿ ಆ ಇಳಿಕೆಯ ಒಂದಂಶವನ್ನು ತುಂಬಿಕೊಡುತ್ತದೆ. ಒಂದು ಹನಿ ಗಾಳಿಯೂ ಸೋರದೆ 5 ಪಿಎಸ್‌ಐ ಇಳಿದದ್ದು ಹೀಗೆ. ತಂಗಿದ ಕಡೆಯಲ್ಲೆಲ್ಲ ಬೆಳಗ್ಗೆ ಹೊರಡುವ ಮುನ್ನ ನೋಡಬೇಕು ಎನ್ನುವುದಕ್ಕೆ ಇದೇ ಕಾರಣ. ನೈಟ್ರೋಜನ್ ತುಂಬಿಸಿದರೆ ಈ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿಯೂ ಇದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದ್ದು, ಶಾಖಕ್ಕೆ ಎರಡೂ ಬಹುತೇಕ ಒಂದೇ ರೀತಿ ಹಿಗ್ಗುತ್ತವೆ.

ಯಂತ್ರಕ್ಕೆ 'ಸರಿ' ಯಾವುದೆಂದು ತಿಳಿಯದು

ಇಲ್ಲಿ ಒಂದು ಸೂಕ್ಷ್ಮವಿದೆ. ಅನೇಕ ಸಾಧನಗಳು ಸಂವೇದಕವನ್ನು ಜೋಡಿಸಿದ ಕ್ಷಣದಲ್ಲಿರುವ ಒತ್ತಡವನ್ನೇ ಸರಿಯಾದ ಒತ್ತಡವೆಂದು ನೆನಪಿಟ್ಟುಕೊಳ್ಳುತ್ತವೆ. ಆಗ ಟೈರಿನಲ್ಲಿ 60 ಇದ್ದರೆ ಆ ಯಂತ್ರ ನಿಷ್ಠೆಯಿಂದ 60ನ್ನೇ ಕಾಯುತ್ತದೆ. 80 ಇರಬೇಕಿತ್ತೆಂದು ಅದಕ್ಕೆ ತಿಳಿಯದು. ಆದ್ದರಿಂದ ಮೊದಲು ನಂಬಲರ್ಹವಾದ ಮಾಪಕದಿಂದ ಅಳೆದು, ಫಲಕದಲ್ಲಿ ಬರೆದಷ್ಟು ಗಾಳಿ ತುಂಬಿಸಿ, ಬಳಿಕವೇ ಸಂವೇದಕವನ್ನು ಜೋಡಿಸಬೇಕು. ಅಮೆರಿಕದ ಟ್ರೈಲರುಗಳಲ್ಲಿ ಈ ಫಲಕ ಹೊರಗೋಡೆಯ ಎಡಬದಿಯಲ್ಲಿ, ಮುಂಭಾಗಕ್ಕೆ ಅಂಟಿರುತ್ತದೆ.

ಎಚ್ಚರಿಕೆಯ ಮಟ್ಟವನ್ನು ನಿಗದಿಪಡಿಸುವುದು ಮುಂದಿನ ಹೆಜ್ಜೆ. ಕಾರಿನ ನಿಯಮದ ಶೇ. 25 ಇಳಿಕೆಯವರೆಗೆ ಟ್ರೈಲರಿನಲ್ಲಿ ಕಾಯಬಾರದು, ಏಕೆಂದರೆ ಅದರ ಟೈರು ತನ್ನ ಶಕ್ತಿಯ ಅಂಚಿನಲ್ಲೇ ಭಾರ ಹೊರುತ್ತಿರುವುದು ಹೆಚ್ಚು. ತಣ್ಣನೆಯ ಒತ್ತಡಕ್ಕಿಂತ ಶೇ. 10ರಿಂದ 15ರಷ್ಟು ಇಳಿದಾಗಲೇ ಸದ್ದು ಮಾಡುವಂತೆ ಇಡುವುದು ವಿವೇಕ. ಮೇಲಿನ ಮಿತಿಯನ್ನು ಶೇ. 20ರಿಂದ 25ರಷ್ಟು ಹೆಚ್ಚಿಗೆ ಇಟ್ಟರೆ ಸಹಜ ಏರಿಕೆಗೆ ಯಂತ್ರ ಸುಮ್ಮಸುಮ್ಮನೆ ಕೂಗುವುದಿಲ್ಲ. ಶಾಖದ ಮಿತಿ ಹಲವು ಸಾಧನಗಳಲ್ಲಿ ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಇರುತ್ತದೆ. ಆದರೆ ವಾಲ್ವಿನ ಹೊರತುದಿಯಲ್ಲಿರುವ ಸಂವೇದಕಕ್ಕೆ ಬೀಸುಗಾಳಿ ತಾಗುವುದರಿಂದ ಅದು ಟೈರಿನೊಳಗಿನ ನಿಜವಾದ ಶಾಖಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. ಅಂಕಿಗಿಂತ ಹೋಲಿಕೆಯೇ ಇಲ್ಲಿ ಹೆಚ್ಚು ಉಪಯುಕ್ತ. ನಾಲ್ಕರಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಬ್ರೇಕು ಹಿಡಿದುಕೊಂಡಿದೆಯೋ, ಬೇರಿಂಗ್ ಕೆಟ್ಟಿದೆಯೋ ನೋಡಬೇಕು. ಬಿಸಿಲು ಬೀಳುವ ಬದಿಯ ಟೈರುಗಳು ತುಸು ಹೆಚ್ಚು ತೋರಿಸುವುದು ಸಹಜವೇ.

ಸಾಧನ ಹೇಳಲಾರದ್ದು

ಒಳಗಿನ ಉಕ್ಕಿನ ಪದರ ಬಿಡುತ್ತಿರುವ ಟೈರು ಕೊನೆಯ ಗಳಿಗೆಯವರೆಗೂ ಪೂರ್ಣ ಒತ್ತಡವನ್ನೇ ತೋರಿಸಬಹುದು. ಅದನ್ನು ಯಾವ ಸಂವೇದಕವೂ ಮುಂಚಿತವಾಗಿ ಹಿಡಿಯಲಾರದು. ಕಣ್ಣು ಮತ್ತು ಕೈಯೇ ಗತಿ. ಎಲ್ಲಿಯಾದರೂ ಉಬ್ಬಿದೆಯೇ, ಪಕ್ಕದ ಗೋಡೆಯಲ್ಲಿ ಬಿರುಕಿದೆಯೇ, ಸವೆತ ಒಂದೇ ಕಡೆ ಆಗಿದೆಯೇ ಎಂದು ಬಗ್ಗಿ ನೋಡಬೇಕು. ವರ್ಷದಲ್ಲಿ ಕೆಲವೇ ವಾರ ಓಡಿ ಉಳಿದ ಕಾಲವೆಲ್ಲ ಬಿಸಿಲಲ್ಲಿ ನಿಲ್ಲುವ ಟ್ರೈಲರಿನ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಗೆರೆಗಳು ಆಳವಾಗಿವೆ ಎಂಬ ಮಾತ್ರಕ್ಕೆ ಅದು ಹೊಸದಲ್ಲ. ಟೈರಿನ ಪಕ್ಕದಲ್ಲಿರುವ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮದಿನಾಂಕ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು.

ವೇಗವೂ ಸಂವೇದಕದ ಅಧೀನದಲ್ಲಿಲ್ಲ. ಎಸ್‌ಟಿ ಟೈರುಗಳಲ್ಲಿ ಹಲವನ್ನು ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್ ವೇಗಕ್ಕೆಂದು ರೂಪಿಸಲಾಗಿದೆ. ಈಚಿನ ಕೆಲವಕ್ಕೆ ಮಿತಿ ಇನ್ನೂ ಹೆಚ್ಚು. ಅಮೆರಿಕದ ಪಶ್ಚಿಮ ರಾಜ್ಯಗಳ ಹೆದ್ದಾರಿಗಳಲ್ಲಿ 75, 80 ಮೈಲಿಯ ಫಲಕ ಕಂಡು ಅದೇ ವೇಗದಲ್ಲಿ ಎಳೆದೊಯ್ದರೆ ಗಾಳಿ ಸರಿಯಿದ್ದರೂ ಟೈರು ತಾಳದು. ಕ್ಯಾಲಿಫೋರ್ನಿಯದಲ್ಲಂತೂ ಟ್ರೈಲರ್ ಎಳೆಯುವ ವಾಹನಗಳಿಗೆ ಗಂಟೆಗೆ 55 ಮೈಲಿಯೇ ಕಾನೂನಿನ ಮಿತಿ.

ಎಚ್ಚರಿಕೆಯ ಸದ್ದು ಬಂದಾಗ

ಪರದೆ ಕೆಂಪಾಗಿ ಕೂಗಿದಾಗ ಮಾಡಬಾರದ ಮೊದಲ ಕೆಲಸ ಬ್ರೇಕನ್ನು ಗಟ್ಟಿಯಾಗಿ ತುಳಿಯುವುದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಟ್ಟು, ಸಮತಟ್ಟಾದ ಸುರಕ್ಷಿತ ಜಾಗದಲ್ಲಿ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಬೇಕು. ಟ್ರೈಲರ್ ಓಲಾಡತೊಡಗಿದರೆ, ಟ್ರೈಲರಿನ ಬ್ರೇಕನ್ನು ಮಾತ್ರ ಹಿಡಿಯುವ ಕೈಗುಂಡಿಯನ್ನು ಹಗುರವಾಗಿ ಒತ್ತಬೇಕು. ಅದು ಹಿಂದಿನಿಂದ ಎಳೆದು ಗಾಡಿಯನ್ನು ನೇರಗೊಳಿಸುತ್ತದೆ. ಟೈರು ಪೂರ್ತಿ ಗಾಳಿಯಿಲ್ಲದೆ ಓಡಿದ್ದರೆ ಅದಕ್ಕೆ ಮತ್ತೆ ಗಾಳಿ ತುಂಬಿ ಓಡಿಸಬಾರದು. ಅದೇ ಬದಿಯ ಜೊತೆ ಟೈರನ್ನೂ ತಜ್ಞರಿಗೆ ತೋರಿಸದೆ ದೂರದ ಪ್ರಯಾಣ ಮುಂದುವರಿಸಬಾರದು.

ಬಾಡಿಗೆಗೆ ಪಡೆಯುವವರು ಕೀಲಿ ಪಡೆಯುವ ಮುನ್ನ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು: ಈ ವಾಹನದಲ್ಲಿ ಒತ್ತಡದ ನಿಗಾ ವ್ಯವಸ್ಥೆ ಇದೆಯೇ? ಟೈರುಗಳು ಯಾವ ವರ್ಷದವು? ತಣ್ಣನೆಯ ಒತ್ತಡ ಎಷ್ಟಿರಬೇಕು? ಜೋಡಿ ಗಾಲಿಯ ಮೋಟಾರ್ ಹೋಮ್ ಆದರೆ ಒಳಗಿನ ಗಾಲಿಯನ್ನು ಬಿಡದೆ ಪರೀಕ್ಷಿಸಬೇಕು. ಅದು ಕಣ್ಣಿಗೆ ಕಾಣುವುದಿಲ್ಲ, ಹೊರಗಿನದು ಭಾರ ಹೊತ್ತು ಅದರ ದೌರ್ಬಲ್ಯವನ್ನು ಮರೆಮಾಡುತ್ತದೆ. ಸಾಧನವಿಲ್ಲವೆಂದಾದರೆ ನೂರಿನ್ನೂರು ರೂಪಾಯಿಗೆ ನಮ್ಮಲ್ಲಿಯೂ ಸಿಗುವಂಥ ಕೈಮಾಪಕವೊಂದನ್ನು ಜೊತೆಗಿಟ್ಟು, ಪ್ರತಿದಿನ ಬೆಳಗ್ಗೆ ಕಾಫಿಗೆ ನೀರಿಟ್ಟು ಒಂದು ಸುತ್ತು ಬರುವ ಅಭ್ಯಾಸವೇ ಸಾಕಷ್ಟು ರಕ್ಷಣೆ. ಹೊರಟ ಮೇಲೆ ನಡುದಾರಿಯಲ್ಲಿ ಆಗುವ ಸೋರಿಕೆಯನ್ನು ಮಾತ್ರ ಅದು ಹೇಳಲಾರದು.

ನಮ್ಮ ರಸ್ತೆಗಳಿಗೂ ಸಲ್ಲುವ ಪಾಠ

ಭಾರತದಲ್ಲಿ ಕಾರಿನ ಹಿಂದೆ ಮನೆ ಎಳೆದೊಯ್ಯುವ ಪದ್ಧತಿ ಬೇರೂರಿಲ್ಲ. ಇಲ್ಲಿ ಕ್ಯಾರವಾನ್ ಎಂದರೆ ಹೆಚ್ಚಾಗಿ ಬಸ್ಸು ಅಥವಾ ವ್ಯಾನಿನ ಮೇಲೆ ಕಟ್ಟಿದ ಮೋಟಾರ್ ಹೋಮ್. ಕೇರಳ 2021ರ ಸೆಪ್ಟೆಂಬರ್‌ನಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿಯೂ ಇಂಥ ವಾಹನಗಳು ಬಾಡಿಗೆಗೆ ದೊರೆಯುತ್ತವೆ. ಕಾರುಗಳ ಮಟ್ಟಿಗೆ ಕೇಂದ್ರ ಸಾರಿಗೆ ಸಚಿವಾಲಯ 2020ರ ಜುಲೈನಲ್ಲಿ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಒತ್ತಡದ ನಿಗಾ ವ್ಯವಸ್ಥೆ ಮತ್ತು ದುರಸ್ತಿ ಕಿಟ್ ಇರುವ ವಾಹನಗಳಿಗೆ ಸ್ಟೆಪ್ನಿ ಇಲ್ಲದಿದ್ದರೂ ಅಡ್ಡಿಯಿಲ್ಲ ಎಂದಿತು. ಆದರೆ ಬಸ್ಸಿನ ಗಾತ್ರದ, ಜೋಡಿ ಗಾಲಿಯ ಬಾಡಿಗೆ ವಾಹನದಲ್ಲಿ ಕುಟುಂಬ ಸಮೇತ ಘಟ್ಟ ಇಳಿಯುವವರಿಗೆ ಫೀನಿಕ್ಸಿನ ಪಾಠವೇ ಇಲ್ಲಿಯೂ ಪಾಠ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಗಳಲ್ಲಿ ಬಿಡುವಿಲ್ಲದೆ ಒಂದೇ ವೇಗದಲ್ಲಿ ಓಡುವಾಗ, ಹಿಂದೆ ಗುಂಡಿಬಿದ್ದ ರಸ್ತೆ ತಡೆದು ನಿಲ್ಲಿಸುತ್ತಿದ್ದ ವೇಗವನ್ನು ಈಗ ಟೈರೇ ತಾಳಿಕೊಳ್ಳಬೇಕು.

ವಾಹನವನ್ನು ರಸ್ತೆಗೆ ಬಂಧಿಸಿಡುವುದು ಪ್ರತಿ ಟೈರಿನಡಿಯ ಅಂಗೈಯಗಲದಷ್ಟು ಜಾಗ. ಕಾಯ್ದೆ ಕಾರನ್ನು ಕಾಯಿತು, ಅದರ ಹಿಂದೆ ಬರುವ ಮನೆಯನ್ನು ಕಾಯುವ ಹೊಣೆಯನ್ನು ಮನೆಯವರಿಗೇ ಬಿಟ್ಟಿತು. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಬರುವ ಫಲವೇನೆಂದು ನಮ್ಮ ಹಿರಿಯರು ಹೇಳಿದ್ದಾರೆ. ನಾಳೆ ಬೆಳಗ್ಗೆ ಬಿಸಿಲೇರುವ ಮುನ್ನ, ಗಾಡಿ ಹೊರಡುವ ಮುನ್ನ, ನಾಲ್ಕೂ ಟೈರುಗಳ ಬಳಿ ಒಮ್ಮೆ ಬಗ್ಗಿ ನೋಡಲು ಬೇಕಾಗುವುದು ಐದು ನಿಮಿಷ.